ಸಡಾದ ಕೆಂಪು ಕಲ್ಲು ಯಾರದು?

ಕೊಲ್ಹಾಪುರ ಜಿಲ್ಲೆಯ ಗೋಕುಳ ಶಿರಗಾಂವದ ಫೌಂಡ್ರಿಗಳಲ್ಲಿ ಭಟ್ಟಿಯ ಬೆಂಕಿ ಕಣ್ಣಿಗೆ ಬೀಳುವ ಮೊದಲೇ ಗ್ರೈಂಡಿಂಗ್ ಚಕ್ರದ ಸದ್ದು ಕಿವಿಗೆ ಬೀಳುತ್ತದೆ. ಮರಳಿನ ಅಚ್ಚಿನಿಂದ ಹೊರಬಂದ ಕಬ್ಬಿಣದ ಕಾಸ್ಟಿಂಗಿನ ಅಂಚಿಗೆ ತೆಳ್ಳನೆಯ ಲೋಹದ ಪದರ, ಕರಗಿದ ಕಬ್ಬಿಣ ಹರಿದ ದಾರಿಯ ಗಂಟುಗಳು ಅಂಟಿಕೊಂಡಿರುತ್ತವೆ. ಅವನ್ನೆಲ್ಲ ತೇಯ್ದು ಹದ ಮಾಡುವ ಕೆಲಸವೇ ಫೆಟ್ಲಿಂಗ್. ಕಬ್ಬಿಣವನ್ನೇ ತೇಯುವ ಆ ಚಕ್ರದ ಕಂದು ಹರಳುಗಳು ಬಹುಪಾಲು ಅಲ್ಯುಮಿನಿಯಂ ಆಕ್ಸೈಡ್. ಬಾಕ್ಸೈಟ್ ಎಂಬ ಕೆಂಪು ಕಲ್ಲನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ತಣಿಸಿ, ಒಡೆದು ಅವನ್ನು ತಯಾರಿಸುತ್ತಾರೆ. ವಜ್ರಕ್ಕೆ ಹತ್ತು ಅಂಕ ಕೊಡುವ ಕಾಠಿಣ್ಯದ ಮಾಪನದಲ್ಲಿ ಇದಕ್ಕೆ ಒಂಬತ್ತು.

ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಈ ಕೈಗಾರಿಕಾ ವಸಾಹತಿಗೆ ಬೇಕಾದ ಬೀಡು ಕಬ್ಬಿಣವಾಗಲಿ ಕೋಕ್ ಆಗಲಿ ಜಿಲ್ಲೆಯ ನೆಲದಲ್ಲಿ ಹುಟ್ಟುವುದಿಲ್ಲ. ಕೊಲ್ಹಾಪುರ ಜಿಲ್ಲೆ ತನ್ನದೆಂದು ಹೇಳಿಕೊಳ್ಳಬಹುದಾದ ದೊಡ್ಡ ಅದಿರು ಬಾಕ್ಸೈಟ್. ಅಲ್ಯುಮಿನಿಯಮ್ಮಿನ ಈ ಅದಿರು ಶಾಹುವಾಡಿ, ಪನ್ಹಾಳಾ, ರಾಧಾನಗರಿ, ಭುದರಗಡ, ಆಜರಾ, ಚಂದಗಡ ತಾಲ್ಲೂಕುಗಳ ಬೆಟ್ಟದ ನೆತ್ತಿಯ ಮೇಲಿದೆ. ಗೋಕುಳ ಶಿರಗಾಂವದಿಂದ ಪಶ್ಚಿಮಕ್ಕೆ ನೋಡಿದರೆ ತಲೆ ಸವರಿದಂತೆ ಚಪ್ಪಟೆಯಾಗಿ ಕಾಣುವ ಸಹ್ಯಾದ್ರಿಯ ಸಾಲು ಅದೇ. ಮರಾಠಿಯಲ್ಲಿ ಆ ಚಪ್ಪಟೆ ನೆತ್ತಿಗೆ ಸಡಾ ಎನ್ನುತ್ತಾರೆ. ಗಡಹಿಂಗ್ಲಜ, ಚಂದಗಡದ ಕನ್ನಡದವರ ಬಾಯಲ್ಲೂ ಆ ಮಾತೇ ಓಡಾಡುತ್ತದೆ. ಚಂದಗಡದ ಕಾಸರಸಡಾ, ರಾಧಾನಗರಿಯ ದುರ್ಗಮಾನವಾಡಿ, ಶಾಹುವಾಡಿಯ ಧನಗರವಾಡಿ ಬಾಕ್ಸೈಟಿನ ಕಾಗದಪತ್ರಗಳಲ್ಲಿ ಮತ್ತೆಮತ್ತೆ ಕಾಣುವ ಗಣಿಗಳು. ಇವುಗಳ ಒಡೆತನ ಕಳೆದ ಐವತ್ತು ವರ್ಷಗಳಲ್ಲಿ ಯಾರಿಂದ ಯಾರಿಗೆ ಹೋಯಿತು, ಆ ಕೊಡುಕೊಳ್ಳುವಿಕೆಯಲ್ಲಿ ಬೆಲೆ ಬಿದ್ದದ್ದು ಯಾವುದಕ್ಕೆ, ಬೀಳದೆ ಉಳಿದದ್ದು ಯಾವುದಕ್ಕೆ ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕೆಂದಿದ್ದೇನೆ.

ಮೊದಲು ಕಲ್ಲಿನ ವಿಚಾರ. ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾರಸವಾಗಿ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಿಲಿಕಾ, ನೂರಕ್ಕೆ ಹದಿಮೂರು ಹದಿನಾಲ್ಕರಷ್ಟು ಅಲ್ಯುಮಿನಾ. ಆಮೇಲೆ ಕೋಟ್ಯಂತರ ವರ್ಷ ಅದರ ಮೇಲೆ ಮುಂಗಾರು ಸುರಿಯಿತು. ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ತುಸು ಆಮ್ಲೀಯ. ಅದು ಕಲ್ಲಿಗೆ ಇಳಿದು ಮೊದಲು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ದಿತು. ಆಮೇಲೆ ನಿಧಾನಕ್ಕೆ ಸಿಲಿಕಾವನ್ನೂ ಕರಗಿಸಿಕೊಂಡು ಹೋಯಿತು. ಆ ನೀರಿಗೆ ಕರಗದ ಎರಡು ವಸ್ತುಗಳು ಕಬ್ಬಿಣದ ಮತ್ತು ಅಲ್ಯುಮಿನಿಯಮ್ಮಿನ ಆಕ್ಸೈಡುಗಳು. ಚಹಾ ಸೋಸಿದ ಮೇಲೆ ಜರಡಿಯಲ್ಲಿ ಚರಟ ಉಳಿಯುವಂತೆ ಇವೆರಡೂ ಬೆಟ್ಟದ ನೆತ್ತಿಯಲ್ಲಿ ಉಳಿದವು. ಕಬ್ಬಿಣ ಹೆಚ್ಚಿದ್ದಲ್ಲಿ ಅದು ನಾವು ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲು, ಕರಾವಳಿಯವರ ಮುರಕಲ್ಲು, ಮರಾಠಿಯ ಜಾಂಬಾ. ಅಲ್ಯುಮಿನಾ ನೂರಕ್ಕೆ ನಲವತ್ತೈದು ದಾಟಿದ್ದಲ್ಲಿ ಅದೇ ಬಾಕ್ಸೈಟ್.

ಇಂಥ ಕಲ್ಲು ಹುಟ್ಟಲು ಮಳೆಯೊಂದೇ ಸಾಲದು. ನೀರು ಕೆಳಕ್ಕೆ ಇಳಿದು ಹೊರಗೆ ಹರಿದುಹೋಗಲು ದಾರಿ ಬೇಕು. ಹುಟ್ಟಿದ ಪದರ ಕೊಚ್ಚಿಹೋಗದಂತೆ ಮೇಲ್ಮೈ ಚಪ್ಪಟೆಯಾಗಿರಬೇಕು. ವರ್ಷದ ಕೆಲವು ತಿಂಗಳು ಒಣಗಲೂ ಬೇಕು. ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ಕೊಲ್ಹಾಪುರದ ಸಡಾಗಳಲ್ಲಿ ಈ ಮೂರೂ ಕೂಡಿಬಂದವು. ಗಗನಬಾವಡಾದ ಕಡೆ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಮಳೆ ಬಿದ್ದರೆ, ಅದೇ ಜಿಲ್ಲೆಯ ಪೂರ್ವದ ಇಚಲಕರಂಜಿ, ಶಿರೋಳದಲ್ಲಿ ಬೀಳುವುದು ಅದರ ಹತ್ತನೆಯ ಒಂದು ಪಾಲು. ಆದ್ದರಿಂದಲೇ ಬಾಕ್ಸೈಟ್ ಪಶ್ಚಿಮದ ಬೆಟ್ಟದಲ್ಲಿದೆ, ಪೂರ್ವದಲ್ಲಿ ಕರಿಮಣ್ಣಿದೆ.

ಭೂವಿಜ್ಞಾನಿಗಳು ಈ ಕಲ್ಲನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಿರಿಲ್ ಫಾಕ್ಸ್ 1923ರಲ್ಲಿ ದೇಶದ ಬಾಕ್ಸೈಟ್ ಮತ್ತು ಅಲ್ಯುಮಿನಾಭರಿತ ಜಂಬಿಟ್ಟಿಗೆಯ ಬಗ್ಗೆ ದೊಡ್ಡದೊಂದು ವರದಿ ಹೊರತಂದ. ಕೊಲ್ಹಾಪುರ ಆಗ ಛತ್ರಪತಿಗಳ ಸಂಸ್ಥಾನ. 1949ರ ಮಾರ್ಚ್ 1ರಂದು ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು, ಬೆಟ್ಟದ ಮೇಲಿನ ಹಕ್ಕು ದರಬಾರಿನಿಂದ ಸರ್ಕಾರಕ್ಕೆ ಬಂತು. ಇಂದಿಗೂ 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 48ನೆಯ ಕಲಮಿನ ಪ್ರಕಾರ ನೆಲದಡಿಯ ಖನಿಜ ರಾಜ್ಯ ಸರ್ಕಾರದ ಸ್ವತ್ತು. ಹೊಲದ ಉತಾರದಲ್ಲಿ ರೈತನ ಹೆಸರಿರಬಹುದು. ಅದೇ ಹೊಲದ ಎರಡು ಮೂರು ಅಡಿ ಕೆಳಗಿನ ಕೆಂಪು ಕಲ್ಲು ಅವನದಲ್ಲ. ಸಾಲದ್ದಕ್ಕೆ, ಕಬ್ಬಿಣದ ಅದಿರು, ಮ್ಯಾಂಗನೀಸ್, ಸುಣ್ಣದಕಲ್ಲಿನ ಜೊತೆಗೆ ಬಾಕ್ಸೈಟನ್ನೂ ಕೇಂದ್ರದ ಗಣಿ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿ ಸೇರಿಸಲಾಗಿದೆ. ಹೀಗಾಗಿ ದೆಹಲಿಯ ಮಾತೂ ಅದರಲ್ಲಿ ನಡೆಯುತ್ತದೆ.

ಸಂಸ್ಥಾನದ ಕಾಲಕ್ಕೆ ಕಲ್ಲು ಗೊತ್ತಿದ್ದರೂ ಅದನ್ನು ಲೋಹ ಮಾಡುವವರು ಇರಲಿಲ್ಲ. 1938ರಲ್ಲಿ ಕೆನಡಾದ ಅಲ್ಯುಮಿನಿಯಂ ಕಂಪನಿ, ಮುಂದೆ ಅಲ್ಕಾನ್ ಎಂದು ಹೆಸರಾದದ್ದು, ಕೊಲ್ಕತ್ತೆಯ ಪಾತ್ರೆ ತಯಾರಕ ಜೀವನಲಾಲ್ ಕಂಪನಿಯ ಜೊತೆ ಸೇರಿ ಭಾರತದಲ್ಲಿ ಒಂದು ಸಂಸ್ಥೆ ಕಟ್ಟಿತು. 1944ರಲ್ಲಿ ಅದಕ್ಕೆ ಇಂಡಿಯನ್ ಅಲ್ಯುಮಿನಿಯಂ ಕಂಪನಿ ಎಂಬ ಹೆಸರು ಬಂತು. ಜನ ಅದನ್ನು ಇಂಡಾಲ್ ಎಂದೇ ಕರೆದರು. ದೇಶದ ಮೊದಲ ಅಲ್ಯುಮಿನಿಯಂ ಗಟ್ಟಿ ಇದೇ ಕಂಪನಿಯಿಂದ 1943ರಲ್ಲಿ ಕೇರಳದ ಆಲುವಾ ಬಳಿಯ ಆಲುಪುರಂನಲ್ಲಿ ಹೊರಬಂತು, ಅದೂ ಹೊರದೇಶದಿಂದ ತರಿಸಿದ ಅಲ್ಯುಮಿನಾದಿಂದ. 1948ರಲ್ಲಿ ಈಗ ಝಾರ್ಖಂಡಿನಲ್ಲಿರುವ ಮುರಿಯಲ್ಲಿ ಅಲ್ಯುಮಿನಾ ಕಾರ್ಖಾನೆ, 1959ರಲ್ಲಿ ಒಡಿಶಾದ ಹಿರಾಕುಡದಲ್ಲಿ ಲೋಹದ ಕಾರ್ಖಾನೆ ಎದ್ದವು. ಆಮೇಲೆ ಕಂಪನಿಯ ಕಣ್ಣು ಬಿದ್ದದ್ದು ಬೆಳಗಾವಿಯ ಮೇಲೆ.

ಬೆಳಗಾವಿಯನ್ನು ಆರಿಸಿಕೊಳ್ಳಲು ಕಾರಣ ಗಟ್ಟಿಯಾಗಿಯೇ ಇತ್ತು. ಬಾಕ್ಸೈಟ್ ಪಕ್ಕದ ಬೆಟ್ಟದಲ್ಲೇ ಇದೆ, ಚಂದಗಡದ ಸಡಾಗಳಿಂದ ಲಾರಿ ಅರ್ಧ ದಿನದಲ್ಲಿ ಹೋಗಿ ಬರಬಹುದು. ಹೆದ್ದಾರಿ ಇದೆ, ರೈಲಿದೆ. ಎಲ್ಲಕ್ಕಿಂತ ಹೆಚ್ಚಾಗಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಅಗ್ಗದ ಕರೆಂಟು ಮೈಸೂರು ರಾಜ್ಯದ ಕೈಯಲ್ಲಿತ್ತು. ಯಮನಾಪುರದಲ್ಲಿ ಕಾರ್ಖಾನೆ ಎದ್ದು 1970ರ ಹೊತ್ತಿಗೆ ಕೆಲಸ ಶುರುವಾಯಿತು. ಒಂದೇ ಆವರಣದಲ್ಲಿ ಎರಡು ಕೆಲಸ. ಕೆಂಪು ಕಲ್ಲಿನಿಂದ ಬಿಳಿ ಅಲ್ಯುಮಿನಾ ತೆಗೆಯುವುದು ಒಂದು, ಅಲ್ಯುಮಿನಾದಿಂದ ಲೋಹ ತೆಗೆಯುವುದು ಇನ್ನೊಂದು.

ಈ ಎರಡು ಕೆಲಸಗಳ ವಿಜ್ಞಾನ ತಿಳಿದರೆ ಮುಂದಿನ ಒಡೆತನದ ಇತಿಹಾಸ ತಾನಾಗಿ ಅರ್ಥವಾಗುತ್ತದೆ. ಮೊದಲನೆಯದು 1880ರ ದಶಕದ ಕೊನೆಯಲ್ಲಿ ಆಸ್ಟ್ರಿಯಾದ ಕಾರ್ಲ್ ಬಾಯರ್ ಕಂಡುಹಿಡಿದ ವಿಧಾನ. ಪುಡಿ ಮಾಡಿದ ಬಾಕ್ಸೈಟನ್ನು ಕಾಸ್ಟಿಕ್ ಸೋಡಾದ ಬಿಸಿ ದ್ರಾವಣದಲ್ಲಿ ಒತ್ತಡದಡಿ ಬೇಯಿಸುತ್ತಾರೆ. ಅಲ್ಯುಮಿನಾ ಕರಗುತ್ತದೆ, ಕಬ್ಬಿಣ, ಟೈಟಾನಿಯಂ ಕರಗದೆ ಕೆಂಪು ಕೆಸರಾಗಿ ತಳ ಸೇರುತ್ತವೆ. ತಿಳಿಯನ್ನು ತಣಿಸಿ ಹರಳುಗಟ್ಟಿಸಿ, ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುರಿದರೆ ಸಕ್ಕರೆಯ ಹಾಗೆ ಬೆಳ್ಳಗಿನ ಅಲ್ಯುಮಿನಾ. ದಖ್ಖನ್ನಿನ ಬಾಕ್ಸೈಟಿಗೆ ಇಲ್ಲೊಂದು ಅನುಕೂಲವಿದೆ. ಅದರ ಅಲ್ಯುಮಿನಾ ಬಹುಪಾಲು ಗಿಬ್ಸೈಟ್ ಎಂಬ ಖನಿಜದ ರೂಪದಲ್ಲಿರುವುದರಿಂದ ನೂರೈವತ್ತು ಡಿಗ್ರಿಯ ಒಳಗೇ ಕರಗುತ್ತದೆ. ಬೇರೆ ಬಗೆಯ ಬಾಕ್ಸೈಟಿಗೆ ಇನ್ನೂರು ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಆದರೆ ಕಲ್ಲಿನಲ್ಲಿ ಜೇಡಿಮಣ್ಣಿನ ಸಿಲಿಕಾ ಬೆರೆತಿದ್ದರೆ ಅದು ಕಾಸ್ಟಿಕ್ ಸೋಡಾವನ್ನು ತಿಂದುಹಾಕುತ್ತದೆ. ಗಣಿಯಲ್ಲಿ ಕಲ್ಲು ಆರಿಸುವವನ ಕಣ್ಣು ಸದಾ ಜೇಡಿಯ ಮೇಲಿರುವುದು ಈ ಕಾರಣಕ್ಕೆ.

ಎರಡನೆಯ ಕೆಲಸವನ್ನು 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕಂಡುಹಿಡಿದರು. ಕ್ರಯೊಲೈಟ್ ಎಂಬ ಲವಣದ ದ್ರವದಲ್ಲಿ ಅಲ್ಯುಮಿನಾ ಕರಗಿಸಿ ಕರೆಂಟು ಹಾಯಿಸಿದರೆ ತಳದಲ್ಲಿ ಲೋಹ ಸಂಗ್ರಹವಾಗುತ್ತದೆ. ಒಂದು ಟನ್ ಲೋಹಕ್ಕೆ ಸುಮಾರು 14 ಸಾವಿರ ಯೂನಿಟ್ ಕರೆಂಟು ಬೇಕು. ವರ್ಷಕ್ಕೆ 50 ಸಾವಿರ ಟನ್ ತೆಗೆಯಬೇಕೆಂದರೆ 70 ಕೋಟಿ ಯೂನಿಟ್. ಇಷ್ಟೇ ಅಲ್ಲ, ನಾಲ್ಕೈದು ತಾಸು ಕರೆಂಟು ಹೋದರೆ ಆ ದ್ರವ ತೊಟ್ಟಿಗಳಲ್ಲೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ತೊಟ್ಟಿಯನ್ನು ಮತ್ತೆ ಚಾಲೂ ಮಾಡುವುದು ತಿಂಗಳುಗಟ್ಟಲೆಯ ಕೆಲಸ.

ಬೆಳಗಾವಿಯ ಲೋಹದ ವಿಭಾಗಕ್ಕೆ ಮುಳುವಾದದ್ದು ಇದೇ. ಕರ್ನಾಟಕದ ವಿದ್ಯುತ್ತು ಬಹುಕಾಲ ಜಲಾಶಯದ ನೀರಿನ ಮೇಲೆಯೇ ನಿಂತಿತ್ತು. ಮಳೆ ಕೈಕೊಟ್ಟ ವರ್ಷ ವಿದ್ಯುತ್ ಕಡಿತ, ಅದರ ಬೆನ್ನಿಗೇ ದರ ಏರಿಕೆ. ದರದ ತಕರಾರು ವಿದ್ಯುತ್ ಮಂಡಳಿ ಮತ್ತು ಕಂಪನಿಯ ನಡುವೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ ಲೋಹ ತೆಗೆಯುವ ವಿಭಾಗ ಮುಚ್ಚಿತು, ಅಲ್ಯುಮಿನಾ ವಿಭಾಗ ಉಳಿಯಿತು. ಇಂದು ಬೆಳಗಾವಿಯಿಂದ ಹೊರಹೋಗುವುದು ವರ್ಷಕ್ಕೆ ಮೂರೂವರೆ ಲಕ್ಷ ಟನ್ನಿನ ಆಸುಪಾಸಿನ ಅಲ್ಯುಮಿನಾ ಮತ್ತು ಅದರ ಹೈಡ್ರೇಟು. ಕುಡಿಯುವ ನೀರು ತಿಳಿಗೊಳಿಸುವ ಪಟಿಕ, ಉರಿ ತಡೆಯುವ ಕೇಬಲ್ ಹೊದಿಕೆ, ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ, ಕುಲುಮೆಯ ಒಳಗೋಡೆಯ ಉರಿ ತಾಳುವ ಇಟ್ಟಿಗೆ, ಇವೆಲ್ಲ ಇಂಥ ಅಲ್ಯುಮಿನಾದಿಂದಲೇ ಆಗುತ್ತವೆ. ಮಹಾರಾಷ್ಟ್ರದ ಬೆಟ್ಟ, ಕರ್ನಾಟಕದ ಕಾರ್ಖಾನೆ. ಎರಡು ರಾಜ್ಯಗಳ ಗಡಿ ತಕರಾರಿನ ನಡುವೆಯೂ ಈ ಕಲ್ಲಿನ ಲಾರಿಗಳು ಗಡಿ ದಾಟುತ್ತ ಬಂದವು.

ಇಂಡಾಲಿನ ಒಡೆತನಕ್ಕೆ ಕಾದಾಟ ನಡೆದದ್ದು 1998ರಲ್ಲಿ. ಅಲ್ಕಾನಿನ ಕೈಯಲ್ಲಿ ಆಗ ಇದ್ದದ್ದು ಮೂರರಲ್ಲೊಂದು ಪಾಲಿಗಿಂತ ತುಸುವೇ ಹೆಚ್ಚು ಷೇರು. ಅನಿಲ್ ಅಗರವಾಲರ ಸ್ಟೆರ್ಲೈಟ್ ಕಂಪನಿ ಇಂಡಾಲನ್ನು ಆಡಳಿತ ಮಂಡಳಿಯ ಒಪ್ಪಿಗೆಯಿಲ್ಲದೆಯೇ ಕೊಳ್ಳಲು ಷೇರುದಾರರಿಗೆ ನೇರವಾಗಿ ಬೆಲೆ ಹೇಳಿತು. ಅಲ್ಕಾನ್ ಪ್ರತಿ ಬೆಲೆ ಹೇಳಿ ತನ್ನ ಪಾಲನ್ನು ಶೇ. 54.6ಕ್ಕೆ ಏರಿಸಿಕೊಂಡು ಕಂಪನಿಯನ್ನು ಉಳಿಸಿಕೊಂಡಿತು. ಭಾರತದ ಷೇರುಪೇಟೆ ಕಂಡ ಮೊದಮೊದಲ ದೊಡ್ಡ ಬಲವಂತದ ಖರೀದಿ ಯತ್ನಗಳಲ್ಲಿ ಇದೂ ಒಂದು. ಹಾಗೆ ಉಳಿಸಿಕೊಂಡ ಪಾಲನ್ನು ಅಲ್ಕಾನ್ ಎರಡೇ ವರ್ಷಕ್ಕೆ, 2000ದಲ್ಲಿ, ಆದಿತ್ಯ ಬಿರ್ಲಾ ಗುಂಪಿನ ಹಿಂಡಾಲ್ಕೊಗೆ ಮಾರಿತು. ಉಳಿದ ಷೇರುದಾರರಿಂದ ಕೊಂಡದ್ದೂ ಸೇರಿ ಹಿಂಡಾಲ್ಕೊ ಕೈಗೆ ಶೇ. 74.6 ಪಾಲು ಬಂತು, ಖರ್ಚಾದದ್ದು ಸುಮಾರು ಸಾವಿರ ಕೋಟಿ ರೂಪಾಯಿ. 2005ರ ಹೊತ್ತಿಗೆ ಇಂಡಾಲಿನ ಬಹುತೇಕ ವ್ಯವಹಾರ ಹಿಂಡಾಲ್ಕೊದಲ್ಲಿ ವಿಲೀನವಾಯಿತು. ಕೊಲ್ಹಾಪುರದ ಗಣಿ ಗುತ್ತಿಗೆಗಳೂ ಹಾಗೆಯೇ ಹೊಸ ಹೆಸರಿಗೆ ಬಂದವು.

ಮುಂದಿನದು ಇನ್ನೂ ಸ್ವಾರಸ್ಯ. 2005ರಲ್ಲಿ ಅಲ್ಕಾನ್ ತನ್ನ ಅಲ್ಯುಮಿನಿಯಂ ತಗಡಿನ ಉದ್ಯಮವನ್ನು ನೊವೆಲಿಸ್ ಎಂಬ ಬೇರೆ ಕಂಪನಿಯಾಗಿ ಒಡೆದಿಟ್ಟಿತು. 2007ರಲ್ಲಿ ಅದನ್ನು ಸಾಲವೂ ಸೇರಿ ಸುಮಾರು 600 ಕೋಟಿ ಡಾಲರಿಗೆ ಕೊಂಡದ್ದು ಇದೇ ಹಿಂಡಾಲ್ಕೊ. ಅದೇ ವರ್ಷ ಅಲ್ಕಾನ್ ತಾನೇ ರಿಯೊ ಟಿಂಟೊ ಎಂಬ ಗಣಿ ಕಂಪನಿಯ ಪಾಲಾಯಿತು. ಅಂದರೆ ಒಂದು ಕಾಲಕ್ಕೆ ಚಂದಗಡದ ಸಡಾದ ಕಲ್ಲಿನ ಲಾಭ ಮಾಂಟ್ರಿಯಲ್ಲಿಗೆ ಹೋಗುತ್ತಿತ್ತು. ಮೂವತ್ತು ನಲವತ್ತು ವರ್ಷದ ನಂತರ ಮಾಂಟ್ರಿಯಲ್ಲಿನ ಆ ಕಂಪನಿಯ ಕುಡಿಯೊಂದು ಮುಂಬಯಿಯ ಕೈಗೆ ಬಂತು. ಭಾರತದ ಉದ್ಯಮ ಇಷ್ಟು ಬೆಳೆದದ್ದರ ಬಗ್ಗೆ ನನಗೆ ಹೆಮ್ಮೆಯೇ ಇದೆ. ಆದರೆ ಈ ಕೈಬದಲಾವಣೆಗಳಲ್ಲಿ ಬೆಟ್ಟದ ಮೇಲಿನ ಒಂದೇ ಒಂದು ಊರಿಗೂ ಕರೆ ಬಂದದ್ದಿಲ್ಲ. ಷೇರು ಕೈ ಬದಲಾದಾಗ ಗುತ್ತಿಗೆ ತಾನಾಗಿಯೇ ಹಿಂದೆ ಹೋಗುತ್ತದೆ. ಕಾನೂನು ಇರುವುದೇ ಹಾಗೆ.

ಬೆಟ್ಟಕ್ಕೆ ಬರುವ ಪಾಲೆಷ್ಟು ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಅಲ್ಯುಮಿನಾ ತೆಗೆಯಲು ಕಳಿಸುವ ಬಾಕ್ಸೈಟಿಗೆ 2014ರಿಂದ ಇರುವ ರಾಜಧನ, ಕಲ್ಲಿನಲ್ಲಿ ಅಡಗಿರುವ ಲೋಹಕ್ಕೆ ಲಂಡನ್ ಲೋಹ ಪೇಟೆಯಲ್ಲಿರುವ ಬೆಲೆಯ ಶೇ. 0.60. ಲೋಹದ ಬೆಲೆ ಟನ್ನಿಗೆ 2,500 ಡಾಲರ್, ಡಾಲರಿಗೆ 85 ರೂಪಾಯಿ, ಕಲ್ಲಿನಲ್ಲಿ ಅಲ್ಯುಮಿನಾ ಶೇ. 45 ಎಂದಿಟ್ಟುಕೊಳ್ಳೋಣ. ಅಲ್ಯುಮಿನಾದಲ್ಲಿ ತೂಕದ ಅರ್ಧಕ್ಕಿಂತ ತುಸು ಹೆಚ್ಚು ಅಲ್ಯುಮಿನಿಯಂ, ಉಳಿದದ್ದು ಆಮ್ಲಜನಕ. ಹೀಗಾಗಿ ಒಂದು ಟನ್ ಕಲ್ಲಿನಲ್ಲಿ ಸುಮಾರು 238 ಕಿಲೊ ಲೋಹ. ಅದರ ಬೆಲೆ 595 ಡಾಲರ್, ಶೇ. 0.60 ಎಂದರೆ ಮೂರೂವರೆ ಡಾಲರ್ ಚಿಲ್ಲರೆ, ನಮ್ಮ ಲೆಕ್ಕಕ್ಕೆ ಸುಮಾರು 300 ರೂಪಾಯಿ. ಒಂದು ಟನ್ ಲೋಹಕ್ಕೆ ನಾಲ್ಕೂವರೆ ಟನ್ ಕಲ್ಲು ಹೋಗುತ್ತದೆಂದರೆ ಸರ್ಕಾರಕ್ಕೆ ಸಿಗುವ ರಾಜಧನ 1,350 ರೂಪಾಯಿಯ ಹತ್ತಿರ. ಆ ಒಂದು ಟನ್ ಲೋಹದ ಬೆಲೆ 2 ಲಕ್ಷದ 12 ಸಾವಿರ. ಅದನ್ನು ಮಾಡಲು ಬೇಕಾದ 14 ಸಾವಿರ ಯೂನಿಟ್ ಕರೆಂಟಿಗೆ, ಯೂನಿಟ್ಟಿಗೆ ಆರು ರೂಪಾಯಿಯಂತೆ, 84 ಸಾವಿರ. ಲೋಹದ ಲೆಕ್ಕದಲ್ಲಿ ಕಲ್ಲು ಹೆಚ್ಚುಕಡಿಮೆ ಪುಕ್ಕಟೆ ಎಂದೇ ಹೇಳಬೇಕು.

2015ರ ತಿದ್ದುಪಡಿಯ ನಂತರ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಹರಾಜಿಗೆ ಮುಂಚಿನ ಹಳೆಯ ಗುತ್ತಿಗೆಗಳು ರಾಜಧನದ ಶೇ. 30ರಷ್ಟನ್ನು ಅದಕ್ಕೆ ಬೇರೆಯಾಗಿ ಕೊಡಬೇಕು. ನಮ್ಮ ಲೆಕ್ಕದಲ್ಲಿ ಅದು ಕಲ್ಲಿನ ಟನ್ನಿಗೆ 90 ರೂಪಾಯಿ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನ ತೆರಿಗೆಯಲ್ಲ, ಖನಿಜ ಹಕ್ಕಿನ ಮೇಲೆ ರಾಜ್ಯಗಳು ಬೇರೆಯಾಗಿ ತೆರಿಗೆ ಹಾಕಬಹುದು ಎಂದು ಎಂಟು–ಒಂದರ ಬಹುಮತದಿಂದ ತೀರ್ಪು ಕೊಟ್ಟಿತು. ಮಹಾರಾಷ್ಟ್ರ ಆ ಅಧಿಕಾರವನ್ನು ಬಳಸುವುದಾದರೆ, ಬಂದ ಹಣ ಮುಂಬಯಿಯ ಬೊಕ್ಕಸದಲ್ಲಿ ಕರಗದೆ ಚಂದಗಡ, ರಾಧಾನಗರಿಗೆ ಮರಳಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಣದ ಲೆಕ್ಕದಲ್ಲಿ ಬಾರದ ಇನ್ನೊಂದು ಸಂಗತಿ ನೀರು. ಇಷ್ಟು ಹೊತ್ತು ಹೇಳಿದ ಎಲ್ಲಕ್ಕಿಂತ ನನಗೆ ಇದು ಮುಖ್ಯ.

ಸಡಾವನ್ನು ಮೇಲಿನಿಂದ ಕೆಳಕ್ಕೆ ಕೊರೆದರೆ ನಾಲ್ಕು ಪದರ ಕಾಣುತ್ತವೆ. ಮೇಲೆ ಗಟ್ಟಿಯಾದ ಜಂಬಿಟ್ಟಿಗೆಯ ಹೊದಿಕೆ, ಅದರಡಿ ಬಾಕ್ಸೈಟ್, ಅದರಡಿ ಬೆಳ್ಳಗೆ ಅಥವಾ ನೇರಳೆ ಬಣ್ಣದ ಮೆತ್ತನೆಯ ಜೇಡಿ, ಕೊನೆಗೆ ಕರಿಕಲ್ಲು. ಸಿಲಿಕಾ ಕರಗಿಹೋದ ಜಾಗವೆಲ್ಲ ಟೊಳ್ಳಾಗಿರುವುದರಿಂದ ಜಂಬಿಟ್ಟಿಗೆ ಮತ್ತು ಬಾಕ್ಸೈಟಿನ ಮೈತುಂಬ ರಂಧ್ರ. ಮುಂಗಾರಿನ ನೀರು ಈ ರಂಧ್ರಗಳಲ್ಲಿ ಇಳಿದು ಜೇಡಿಯ ಪದರ ಮುಟ್ಟಿ ನಿಲ್ಲುತ್ತದೆ. ಜೇಡಿ ಕೆಳಕ್ಕೆ ಬಿಡುವುದಿಲ್ಲವಾದ್ದರಿಂದ ಅಡ್ಡಕ್ಕೆ ಹರಿದು ಬೆಟ್ಟದ ಅಂಚಿನಲ್ಲಿ ಎರಡೂ ಪದರ ಕೂಡುವಲ್ಲಿ ಒರತೆಯಾಗಿ ಹೊರಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದ ಮಳೆಯನ್ನು ಹಿಡಿದಿಟ್ಟು ಬೇಸಿಗೆಯವರೆಗೆ ತುಸುತುಸುವೇ ಬಿಡುವ ವ್ಯವಸ್ಥೆ ಇದು. ಬೆಟ್ಟದ ಮೇಲಿನ ಧನಗರವಾಡಾಗಳು, ಅಂದರೆ ಎಮ್ಮೆ ಸಾಕುವ ಧನಗರರ ಕೇರಿಗಳು, ಇಂಥ ಒರತೆಗಳನ್ನೇ ನಂಬಿಕೊಂಡಿವೆ. ಅವರ ಎಮ್ಮೆಗಳೂ, ದಾಜಿಪುರದ ಕಾಡುಕೋಣಗಳೂ ಬೇಸಿಗೆಯಲ್ಲಿ ನೀರು ಹುಡುಕುವುದು ಅಲ್ಲೇ.

ಬಾಕ್ಸೈಟ್ ಗಣಿ ಆಳದ ಸುರಂಗವಲ್ಲ. ಮೇಲಿನ ಹೊದಿಕೆ ಸರಿಸಿ ಕೆಲವೇ ಮೀಟರ್ ದಪ್ಪದ ಪದರವನ್ನು ಅಗಲಕ್ಕೆ ಬಗೆಯುತ್ತ ಹೋಗುವುದು. ಹೀಗೆ ತೆಗೆಯುವ ಪದರವೇ ನೀರು ಹಿಡಿಯುವ ಪದರ. ಅದು ಹೋದ ಮೇಲೆ ಜೇಡಿ ಬಯಲಾಗುತ್ತದೆ. ಮಳೆ ನೇರವಾಗಿ ಅದರ ಮೇಲೆ ಬಿದ್ದರೆ ಇಂಗುವ ಬದಲು ಕೆಸರು ಹೊತ್ತು ಇಳಿಯುತ್ತದೆ. ಹಳ್ಳ ಮುಂಗಾರಿನಲ್ಲಿ ಉಕ್ಕಿ ಮಾಘದಲ್ಲಿ ಬತ್ತುತ್ತದೆ. ಬಗೆದ ಗುಂಡಿಗೆ ಹೊದಿಕೆಯ ಕಲ್ಲುಮಣ್ಣನ್ನೇ ಕ್ರಮವಾಗಿ ತುಂಬಿ, ಮೇಲ್ಮಣ್ಣನ್ನು ಮೊದಲೇ ಬೇರೆ ತೆಗೆದಿಟ್ಟು ಮತ್ತೆ ಹರಡಿದರೆ ಸ್ವಲ್ಪ ಮಟ್ಟಿಗೆ ನೀರಿಂಗುವುದು ಮರಳೀತು. ಕೋಟ್ಯಂತರ ವರ್ಷದ ರಂಧ್ರಮಯ ಕಲ್ಲು ಮರಳುವುದಿಲ್ಲ. ಗುಂಡಿಯ ಮೇಲೆ ನೀಲಗಿರಿಯನ್ನೋ ಅಕೇಶಿಯಾವನ್ನೋ ನೆಟ್ಟು ಹಸಿರು ತೋರಿಸುವುದನ್ನು ಪುನಶ್ಚೇತನ ಎಂದು ಒಪ್ಪಲಾರೆ. ಸಡಾದ ಮೇಲೆ ಮೊದಲಿಂದ ಇದ್ದದ್ದು ಮರಗಳಲ್ಲ. ಮಳೆಗಾಲದಲ್ಲಿ ಅರಳುವ ಹುಲ್ಲು, ಸಣ್ಣ ಗಿಡ, ಮರಾಠಿಯಲ್ಲಿ ಸೀತೆಯ ಕಣ್ಣೀರು ಎಂದು ಹೆಸರಿರುವ ಕೀಟಾಹಾರಿ ನೀಲಿ ಹೂ.

ಈ ನೀರು ಬೆಟ್ಟದಲ್ಲೇ ಉಳಿಯುವುದೂ ಇಲ್ಲ. ಆಂಬೋಲಿಯ ಕಡೆ ಹುಟ್ಟುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬರುತ್ತಾಳೆ. ಘಟಪ್ರಭೆ, ತಾಮ್ರಪರ್ಣಿ ಚಂದಗಡದಿಂದ ಇಳಿಯುತ್ತವೆ. ಇವೆರಡರ ನೀರಿನಿಂದ ಹಿಡಕಲ್ ಜಲಾಶಯ ತುಂಬುತ್ತದೆ, ಬೆಳಗಾವಿ ನಗರ ಕುಡಿಯುವ ನೀರಿನ ಒಂದು ಪಾಲು ಅಲ್ಲಿಂದ ಬರುತ್ತದೆ. ವೇದಗಂಗೆ ಭುದರಗಡದಿಂದ ನಿಪ್ಪಾಣಿಯ ಕಡೆಗೆ, ಭೋಗಾವತಿ ರಾಧಾನಗರಿಯಿಂದ ಪಂಚಗಂಗೆಗೆ. ಇಚಲಕರಂಜಿಯ ಮಗ್ಗಗಳಿಗೂ, ಹುಕ್ಕೇರಿ, ಗೋಕಾಕದ ಕಬ್ಬಿಗೂ ಸಡಾಗಳ ಸಂಬಂಧ ಇಷ್ಟು ನೇರ. ಕಲ್ಲು ಎಷ್ಟು ಟನ್ ಹೋಯಿತೆಂಬ ಲೆಕ್ಕ ಪ್ರತಿ ಲಾರಿಯ ಪಾಸಿನಲ್ಲಿದೆ. ಗಣಿ ಪಕ್ಕದ ಒರತೆಗಳಲ್ಲಿ ಪ್ರತಿ ಏಪ್ರಿಲ್‌ನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತಿದೆ ಎಂಬ ಲೆಕ್ಕವೂ ಹಾಗೆಯೇ ಇಡಬೇಕಾದದ್ದು. ಒಂದು ಕೊಡ ಮತ್ತು ಗಡಿಯಾರ ಇದ್ದರೆ ಶಾಲೆಯ ಮಕ್ಕಳೂ ಇದನ್ನು ಅಳೆಯಬಲ್ಲರು.

ಗಣಿ ಸರ್ಕಾರದ್ದೇ ಆಗಿದ್ದರೆ ಬೇರೆಯಾಗುತ್ತಿತ್ತೇ? ಕರ್ನಾಟಕದಲ್ಲಿ ಚಿತ್ರದುರ್ಗದ ಬಳಿಯ ಇಂಗಳದಾಳ್ ತಾಮ್ರದ ಗಣಿ ಇದಕ್ಕೆ ಉತ್ತರ. ಪ್ರಾಚೀನರು ಬಗೆದ ಕುರುಹುಗಳಿದ್ದ ಆ ಬೆಟ್ಟದಲ್ಲಿ ಚಿತ್ರದುರ್ಗ ತಾಮ್ರ ಕಂಪನಿ ಅದಿರು ತೆಗೆಯಿತು, ಆಮೇಲೆ ಅದು ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ ಕಂಪನಿಯ ಪಾಲಾಯಿತು. ಅದಿರಿನಲ್ಲಿ ತಾಮ್ರದ ಅಂಶ ಕಡಿಮೆ, ಖರ್ಚು ಹೆಚ್ಚು. ಗಣಿ ನಿಂತಿತು. ಸರ್ಕಾರಿ ಕಂಪನಿಯಾದರೂ ಖಾಸಗಿಯಾದರೂ ಅದಿರು ಲಾಭ ತರುವವರೆಗೆ ಮಾತ್ರ ಗಣಿ. ಕುದುರೆಮುಖದ ಕಬ್ಬಿಣವೂ ಕೇಂದ್ರ ಸರ್ಕಾರದ ಕಂಪನಿಯದೇ ಆಗಿತ್ತು. 2005ರ ಕೊನೆಗೆ ಅದನ್ನು ನಿಲ್ಲಿಸಲು ಸುಪ್ರೀಂ ಕೋರ್ಟೇ ಬರಬೇಕಾಯಿತು. ಹೀಗಾಗಿ ಒಡೆಯ ಯಾರು ಎಂಬುದಕ್ಕಿಂತ ಒಡೆಯ ಹೊರಟುಹೋಗುವ ದಿನ ಏನು ಬಿಟ್ಟುಹೋಗುತ್ತಾನೆ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಊರಿನವರ ಮಾತಿಗೆ ಬೆಲೆ ಬಂದ ಒಂದು ಉದಾಹರಣೆ ಬಾಕ್ಸೈಟಿನದೇ ಇದೆ. ಇಂಡಾಲನ್ನು ಕೊಳ್ಳಲಾಗದ ಸ್ಟೆರ್ಲೈಟ್, ಮುಂದೆ ವೇದಾಂತ ಗುಂಪಾಗಿ, ಒಡಿಶಾದ ನಿಯಮಗಿರಿಯ ಬಾಕ್ಸೈಟ್ ಕೇಳಿತು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಅದರ ನಿರ್ಧಾರವನ್ನು ಗ್ರಾಮಸಭೆಗಳಿಗೆ ಬಿಟ್ಟಿತು. ಡೋಂಗ್ರಿಯಾ ಕೊಂಧ ಆದಿವಾಸಿಗಳು ಮತ್ತು ಇತರರ ಹನ್ನೆರಡು ಊರುಗಳೂ ಬೇಡವೆಂದವು, ಗಣಿ ಬರಲಿಲ್ಲ. ಕೊಲ್ಹಾಪುರದ ಧನಗರರಿಗೆ ಅಂಥ ಬಲವಿಲ್ಲ. ಮಹಾರಾಷ್ಟ್ರದಲ್ಲಿ ಅವರು ಪರಿಶಿಷ್ಟ ಪಂಗಡವಲ್ಲ, ಅಲೆಮಾರಿ ವರ್ಗ. ಅರಣ್ಯ ಹಕ್ಕು ಕಾಯ್ದೆಯಡಿ ಇತರ ಪಾರಂಪರಿಕ ಅರಣ್ಯವಾಸಿಗಳಾಗಿ ಹಕ್ಕು ಕೇಳಬೇಕಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ಇದ್ದುದಕ್ಕೆ ಪುರಾವೆ ಕೊಡಬೇಕು. ಎಮ್ಮೆಯ ಹಿಂದೆ ಸಡಾದಿಂದ ಸಡಾಕ್ಕೆ ನಡೆದ ಅಜ್ಜನ ಕಾಗದ ಯಾವ ಕಚೇರಿಯಲ್ಲಿ ಸಿಗಬೇಕು?

ಆದರೂ ಕೈಯಲ್ಲಿ ಒಂದು ದಾರಿ ಇದೆ. 2015ರ ತಿದ್ದುಪಡಿಯ ಪ್ರಕಾರ, ಸ್ವಂತ ಕಾರ್ಖಾನೆಗೆ ಅದಿರು ಒದಗಿಸುವ ಹಳೆಯ ಗಣಿ ಗುತ್ತಿಗೆಗಳ ಅವಧಿ 2030ರ ಮಾರ್ಚ್ 31, ಅಥವಾ ಕೊಟ್ಟ ದಿನದಿಂದ 50 ವರ್ಷ, ಅಥವಾ ನಡೆಯುತ್ತಿರುವ ನವೀಕರಣದ ಕೊನೆ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ. ಆಮೇಲೆ ನವೀಕರಣವಿಲ್ಲ, ಹರಾಜು. ಗಣಿ ಮುಚ್ಚುವುದಾದರೆ ಎರಡು ವರ್ಷ ಮೊದಲೇ ಅಂತಿಮ ಮುಚ್ಚುವಿಕೆ ಯೋಜನೆಯನ್ನು ಸಲ್ಲಿಸಬೇಕೆಂದು 2017ರ ಖನಿಜ ಸಂರಕ್ಷಣಾ ನಿಯಮ ಹೇಳುತ್ತದೆ. ಗುಂಡಿ ತುಂಬುವ ಬಗೆ, ಮೇಲ್ಮಣ್ಣಿನ ಲೆಕ್ಕ, ನೀರಿನ ಹರಿವು ಎಲ್ಲವೂ ಅದರಲ್ಲಿ ಇರಬೇಕು. ಅದಕ್ಕಾಗಿ ಕಂಪನಿ ಹೆಕ್ಟೇರ್ ಲೆಕ್ಕದಲ್ಲಿ ಭದ್ರತಾ ಖಾತರಿಯನ್ನೂ ಕೊಟ್ಟಿರುತ್ತದೆ. ಚಂದಗಡ, ರಾಧಾನಗರಿ, ಶಾಹುವಾಡಿಯ ಗಣಿ ಊರುಗಳ ಗ್ರಾಮ ಪಂಚಾಯಿತಿಗಳು ತಮ್ಮ ಊರ ಗುತ್ತಿಗೆ ಎಂದಿಗೆ ಮುಗಿಯುತ್ತದೆಂಬ ದಿನಾಂಕವನ್ನೂ ಮುಚ್ಚುವಿಕೆ ಯೋಜನೆಯ ಪ್ರತಿಯನ್ನೂ ಮಾಹಿತಿ ಹಕ್ಕಿನಡಿ ಈಗಲೇ ಕೇಳಬೇಕು. ಅದನ್ನು ಮರಾಠಿಯಲ್ಲೂ ಕನ್ನಡದಲ್ಲೂ ಗ್ರಾಮಸಭೆಯ ಮುಂದೆ ಓದಿಸಬೇಕು. ಹಿರಣ್ಯಕೇಶಿ, ಘಟಪ್ರಭೆಯ ನೀರು ಕುಡಿಯುವ ಗಡಹಿಂಗ್ಲಜ, ಸಂಕೇಶ್ವರ, ಬೆಳಗಾವಿಯವರು ಆ ಸಭೆಗಳಲ್ಲಿ ಅವರ ಜೊತೆ ಕೂರಬೇಕು.